ಹಾವಿನ ಸೊಂಟದ ಅಳತೆ

ನಮ್ಮ ಊರಿನಲ್ಲಿ ಬಳೆಗಾರ ಮನೆಗೆ ಬಂದರೆ ಹೆಂಗಸರು ಕೈ ಚಾಚುವುದಿಲ್ಲ, ಒಳಗೆ ಹೋಗಿ ಹಾವನ್ನು ಎತ್ತಿಕೊಂಡು ಬರುತ್ತಾರೆ. ಕೈಗೆ ಬೇಕಾದ ಬಳೆಗೆ ಬಸ್ ಸ್ಟ್ಯಾಂಡ್ ಎದುರು ಫ್ಯಾನ್ಸಿ ಸ್ಟೋರ್ ಇದೆ. ಅಲ್ಲಿ ಕನ್ನಡಿಯೂ ಇದೆ, ಫ್ಯಾನೂ ಇದೆ. ನನ್ನ ಹೆಗಲ ಮೇಲಿನ ಮಲಾರದಲ್ಲಿ ಪೋಣಿಸಿರುವ ಬಳೆಗಳು ಹಾವಿನ ಸೊಂಟಕ್ಕೆ. ನನ್ನಪ್ಪ ಇದನ್ನೇ ಮಾಡಿದ, ಅವನಪ್ಪನೂ ಇದನ್ನೇ ಮಾಡಿದ. ಹಾವಿಗೆ ಸೊಂಟ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ಇವರು ನಮ್ಮ ಊರಿನವರಲ್ಲ ಎಂದುಕೊಂಡು ಸುಮ್ಮನಾಗುತ್ತೇನೆ.

ಹಾವನ್ನು ಮಂಡಿಯ ಮೇಲೆ ಹಾಕಿಕೊಂಡು ಬಾಲದ ಕಡೆಯಿಂದ ಬಳೆ ಏರಿಸಬೇಕು. ತಲೆಯ ಕಡೆಯಿಂದ ಏರಿಸುವವನಿಗೆ ಬೆರಳ ಮೇಲೆ ಆಸೆಯಿಲ್ಲ ಎಂದೇ ಅರ್ಥ. ಮೈ ಎಲ್ಲಿ ಅತ್ಯಂತ ದಪ್ಪವೋ ಅಲ್ಲಿಗೆ ಹೋಗಿ ಬಳೆ ಕೂರಬೇಕು. ಬಿಗಿಯಲೂ ಬಾರದು, ಜಾರಲೂ ಬಾರದು. ಎರಡು ನಾಲ್ಕು, ಎರಡು ಆರು, ಎರಡು ಎಂಟು ಎಂದು ಬಳೆಗೆ ಅಳತೆಗಳಿವೆ. ಸರಿಯಾಗಿ ಕೂತ ಬಳೆಯನ್ನು ಹೊರಗೆ ತೆಗೆದು, ಆ ಹಾವಿಗೆಂದು ತಂದ ಇಲಿಯನ್ನು ಅದರೊಳಗೆ ದಾಟಿಸುತ್ತೇನೆ. ಇಲಿ ಮೈ ಒರೆಸಿಕೊಂಡು ದಾಟಿದರೆ ಸರಿ. ಸಿಕ್ಕಿಕೊಂಡರೆ ದೊಡ್ಡದಾಯಿತು. ಬಾವಿಗೆ ಕೊಡ ಬಿದ್ದ ಹಾಗೆ ದಬಕ್ಕನೆ ಬಿದ್ದರೆ ಸಣ್ಣದಾಯಿತು. ಸೊಂಟಕ್ಕೆ ಸಮ, ಇಷ್ಟೇ ನಮ್ಮ ಶಾಸ್ತ್ರ.

ಇದರಲ್ಲಿ ಹೆಚ್ಚು ಕಡಿಮೆ ಮಾಡುವ ಹಾಗಿಲ್ಲ. ಏಕೆಂದರೆ ಹಾವು ನುಂಗಿತು ಎಂದರೆ ಮನೆಯೂ ನುಂಗಿದ ಹಾಗೆ. ಹಾವಿನ ಹೊಟ್ಟೆಯ ಉಬ್ಬು ಇಳಿಯುವವರೆಗೆ ಬಾಗಿಲ ಚಿಲಕಕ್ಕೆ ಹಳದಿ ಬಟ್ಟೆ ಕಟ್ಟಿರುತ್ತಾರೆ. ಹೊರಗಿನವರು ಹೊಸಿಲು ದಾಟುವಂತಿಲ್ಲ. ಮನೆಯವರು ಓಡಾಡಬಹುದು, ತರಕಾರಿ ತರಬಹುದು, ಬೇಕಾದರೆ ಬೇರೆಯವರನ್ನು ನೂರು ಪ್ರಶ್ನೆ ಕೇಳಬಹುದು. ಆದರೆ ತಮ್ಮನ್ನು ಯಾರು ಏನು ಕೇಳಿದರೂ ಹೂಂ ಎನ್ನುವಂತಿಲ್ಲ, ಉಹುಂ ಎನ್ನುವಂತಿಲ್ಲ. 'ಹಾವು ನುಂಗಿದೆ' ಎಂದು ಹೇಳಿ ಮುಂದೆ ಹೋಗುತ್ತಾರೆ. ಸುಂಡಿಲಿ ಕೊಟ್ಟ ಮನೆ ಬೇಗ ಬಾಯಿ ಬಿಡುತ್ತದೆ, ಹೆಗ್ಗಣ ಕೊಟ್ಟ ಮನೆ ವಾರ ಕಳೆದರೂ ಬಿಡುವುದಿಲ್ಲ. ಚಂದಾ ಕೇಳಲು ಬಂದವರು, ನೆಂಟಸ್ತಿಕೆ ಕೇಳಲು ಬಂದವರು, ಮಗನ ಮಾರ್ಕ್ಸ್ ಎಷ್ಟು ಎಂದು ಕೇಳಲು ಬಂದವರು, ಎಲ್ಲರೂ ಹಳದಿ ಬಟ್ಟೆ ನೋಡಿ ಬಂದ ದಾರಿ ಹಿಡಿಯುತ್ತಾರೆ. ಹಾಗಾಗಿ ಹಾವಿಗೆ ಎಷ್ಟು ದೊಡ್ಡದು ಕೊಡಬೇಕು ಎಂಬುದನ್ನು ನಮ್ಮವರು ಹಾವಿನ ಹಸಿವು ನೋಡಿ ತೀರ್ಮಾನಿಸುವುದು ಕಡಿಮೆ, ಬಾಗಿಲಿಗೆ ಯಾರು ಬರಲಿದ್ದಾರೆ ಎಂದು ನೋಡಿ ತೀರ್ಮಾನಿಸುವುದೇ ಹೆಚ್ಚು.

ಹಾವು ನುಂಗುವ ಹೊತ್ತಿಗೆ ಮನೆಯೊಳಗೆ ಯಾರಿದ್ದಾರೋ ಅವರು ಆ ಮನೆಯವರು. ಹೊರಗಿನಿಂದ ಬಂದ ಇನ್ಶೂರೆನ್ಸ್ ಏಜೆಂಟ್ ಒಬ್ಬರು ಹೆಡ್‌ಮಾಸ್ತರ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಅಟ್ಟದ ಮೇಲಿನ ಹಾವು ಹೆಗ್ಗಣ ನುಂಗಿಬಿಟ್ಟಿತು. ಮನೆಯವರು ಅವರಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದರು, ಮೆಣಸಿನಕಾಯಿ ಒಣಹಾಕಲು ಹಚ್ಚಿದರು, ಲೆಕ್ಕ ತಪ್ಪಾದಾಗ ಕಿರಿಯ ಮಗನ ಜೊತೆಗೆ ಅವರನ್ನೂ ಗದರಿದರು. ಉಬ್ಬು ಇಳಿದ ಮೇಲೂ ಅವರು ಹೋಗಲಿಲ್ಲ. ಈಗ ಹೆಡ್‌ಮಾಸ್ತರ ರೇಷನ್ ಕಾರ್ಡಿನಲ್ಲಿ ಹಿರಿಯ ಮಗನ ಕೆಳಗೆ ಅವರ ಹೆಸರಿದೆ.

ಇನ್ನು ಅಳತೆ ತಪ್ಪಿ ದೊಡ್ಡದು ಕೊಟ್ಟರೆ ಹಾವು ಕಕ್ಕುತ್ತದೆ. ಹಾವು ಕಕ್ಕಿದರೆ ಮನೆಯೂ ಕಕ್ಕಬೇಕು. ಯಜಮಾನನಾದವನು ಹೊಸಿಲು ತೊಳೆದು ಅಲ್ಲಿ ನಿಂತುಕೊಂಡು, ದೀಪ ಹಚ್ಚುವವರೆಗೆ ಯಾರು ಏನು ಕೇಳಿದರೂ ಹೂಂ ಅಥವಾ ಉಹುಂ ಎಂದು ನಿಜ ಹೇಳಬೇಕು. ಒಮ್ಮೆ ಪೋಸ್ಟ್‌ಮಾಸ್ತರ ಹಾವು ಕಕ್ಕಿದಾಗ, ಊರವರ ಕಾಗದ ಒಡೆದು ಓದುತ್ತೀರಾ ಎಂದು ಯಾರೋ ಕೇಳಿದರು. ಅವರು ಹೂಂ ಎಂದರು. ಅಂದಿನಿಂದ ನಮ್ಮ ಊರಿನಲ್ಲಿ ಎಲ್ಲರ ಕೈಬರಹವೂ ದುಂಡಗಾಗಿದೆ. ಇಂಥ ಗತಿ ಯಾರಿಗೂ ಬರಬಾರದೆಂದೇ ಊರಿನವರು ಬಳೆಗಾರನಿಗೆ ಇಷ್ಟು ಮರ್ಯಾದೆ ಕೊಡುವುದು.

ಬಳೆಗಾರನಿಗೂ ಕಟ್ಟಳೆಗಳಿವೆ. ಬಳೆ ಕೈಯಲ್ಲಿ ಹಿಡಿದವನು ಅಳತೆ ಬಿಟ್ಟು ಬೇರೆ ಮಾತಾಡಬಾರದು. ತನ್ನ ಮನೆಯ ಹಾವನ್ನಾಗಲಿ, ಹೆಂಡತಿಯ ತವರಿನ ಹಾವನ್ನಾಗಲಿ ಅಳೆಯಬಾರದು. ನೆಂಟಸ್ತಿಕೆಯ ಮುಂದೆ ಬಳೆ ಹಿಗ್ಗುತ್ತದೆ ಎಂದು ಹಿರಿಯರಿಗೆ ಗೊತ್ತಿತ್ತು. ಈ ಕಟ್ಟಳೆಗಳಲ್ಲಿ ನನಗೇನೂ ತಪ್ಪು ಕಂಡಿರಲಿಲ್ಲ, ದೊಡ್ಡತಾಯಮ್ಮನವರ ಮಗಳು ಇಂದ್ರಾಣಿಯನ್ನು ಮದುವೆಯಾಗಬೇಕೆಂದು ನನಗೆ ಅನಿಸುವವರೆಗೆ.

ಇಂದ್ರಾಣಿ ಕೆಳಗಿನ ಬೀದಿಯ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಯಾವಾಗ ನೋಡಿದರೂ ಮೊಣಕೈವರೆಗೆ ಹಿಟ್ಟು, ಹುಬ್ಬಿನ ಮೇಲೂ ಹಿಟ್ಟು. ಮಾತು ಕಡಿಮೆ. ಗಿರಣಿಯ ಸದ್ದಿನಲ್ಲಿ ಮಾತಾಡಿ ಪ್ರಯೋಜನವಿಲ್ಲ ಎಂದು ಕಲಿತವಳು, ಸದ್ದಿಲ್ಲದ ಕಡೆಯೂ ಅದನ್ನೇ ಪಾಲಿಸುತ್ತಾಳೆ. ಅವರ ಮನೆಯ ಹಾವನ್ನು ಅಳೆಯುವಾಗ ಬಾಲ ಹಿಡಿದುಕೊಳ್ಳುವುದು ಅವಳ ಕೆಲಸ. ಒಂದು ದಿನ ಹಾವು ಕೊಸರಾಡಿದಾಗ ಅವಳು ಅದರ ಬೆನ್ನು ತಟ್ಟಿ, "ಇರೋ, ಇರೋ, ಯಾರೂ ನಿನ್ನ ತಿನ್ನಲ್ಲ," ಎಂದಳು. ಆ ಮಾತು ಕೇಳಿ ನನಗೆ ಏನಾಯಿತೋ, ಮನೆಗೆ ಹೋಗಿ ಊಟಕ್ಕೆ ಕೂತರೆ ಅನ್ನ ಇಳಿಯಲಿಲ್ಲ. ಮಾರನೆಯ ವಾರ ಶುಭ್ರವಾದ ಅಂಗಿ ತೊಟ್ಟು ದೊಡ್ಡತಾಯಮ್ಮನವರ ಬಾಗಿಲಿಗೆ ಹೋಗಿ, ನಿಮ್ಮ ಮಗಳನ್ನು ಕೊಡುತ್ತೀರಾ ಎಂದು ಕೇಳಿದೆ.

"ಅಯ್ಯೋ ತಿಮ್ಮರಾಯಿ, ಎಂಥಾ ಹೊತ್ತಲ್ಲಿ ಕೇಳ್ದೆ," ಎಂದು ಅವರು ಚಿಲಕ ತೋರಿಸಿದರು. ಹಳದಿ ಬಟ್ಟೆ ಇತ್ತು. "ಹಾವು ನುಂಗಿದೆ. ಇಳೀಲಿ, ನೋಡೋಣ." ಕಿಟಕಿಯ ಸರಳಿನ ಸಂದಿಯಿಂದ ಒಂದು ಲೋಟ ಮಜ್ಜಿಗೆ ಕೊಟ್ಟರು. ನಾನು ಜಗಲಿಯ ಮೇಲೆ ಕೂತು ಕುಡಿದು ಬಂದೆ.

ಇದಾಗಿ ಏಳು ವರ್ಷ. ದೊಡ್ಡತಾಯಮ್ಮನವರು ಕೆಟ್ಟವರಲ್ಲ. ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯ ಹೆಂಗಸು. ಅವರ ಪಕ್ಕದ ಮನೆಯ ಸಿದ್ದಲಿಂಗಪ್ಪನವರು, ನಿಮ್ಮ ನುಗ್ಗೆಮರದ ಕೊಂಬೆ ನಮ್ಮ ಹೆಂಚಿನ ಮೇಲೆ ಬಂದಿದೆ, ಕಡಿಯಲೇ ಎಂದು ಕೇಳಿ ನನಗಿಂತಲೂ ಹೆಚ್ಚು ಕಾಲವಾಗಿದೆ. ಉಬ್ಬು ಇಳಿದು ಹಳದಿ ಬಟ್ಟೆ ಬಿಚ್ಚಿದ ಗಳಿಗೆಯಲ್ಲೇ ನನಗೆ ಕರೆ ಬರುತ್ತಿತ್ತು. ನಾನು ಹೋಗಿ ಬಳೆ ಕೈಗೆತ್ತಿಕೊಂಡರೆ ನನ್ನ ಬಾಯಿಗೆ ಬೀಗ. ಅಳತೆ ಹೇಳಿ, ಬಳೆಯನ್ನು ಮಲಾರಕ್ಕೆ ಪೋಣಿಸಿ, ಇನ್ನೇನು ಕೇಳಬೇಕು ಎನ್ನುವಷ್ಟರಲ್ಲಿ ಹಾವಿನ ಬಾಯಿಂದ ಇಲಿಯ ಬಾಲ ಮಾತ್ರ ಕಾಣುತ್ತಿರುತ್ತಿತ್ತು. ನುಂಗಲು ಶುರುಮಾಡಿದ ಮೇಲೆ ನಾನು ಓಡಿ ಹೊಸಿಲು ದಾಟಬೇಕು, ಇಲ್ಲದಿದ್ದರೆ ಆ ಮನೆಯವನಾಗಿಬಿಡುತ್ತೇನೆ. ಹಾಗೆ ಮೋಸದಿಂದ ಒಳಗೆ ಉಳಿಯುವುದು ಬಳೆಗಾರನಿಗೆ ಶೋಭೆಯಲ್ಲ ಎಂದು ಪ್ರತಿಸಲವೂ ಓಡಿದೆ. ಒಂದೆರಡು ಸಲ ನಿಧಾನವಾಗಿ ಓಡಿದ್ದೂ ಉಂಟು.

ಹೀಗೆ ಬಿಡುವಿಲ್ಲದೆ ತಿಂದರೆ ಹಾವು ಬೆಳೆಯದೆ ಏನು ಮಾಡುತ್ತದೆ? ಬೆಳೆದ ಹಾವಿಗೆ ದೊಡ್ಡ ಬಳೆ, ದೊಡ್ಡ ಬಳೆಗೆ ದೊಡ್ಡ ಇಲಿ, ದೊಡ್ಡ ಇಲಿಗೆ ಉದ್ದದ ಮೌನ. ಗಾಜಿನ ಬಳೆಗಳ ಅಳತೆ ಮುಗಿದ ಮೇಲೆ ನಾನು ಕಂಚುಗಾರರ ಹತ್ತಿರ ಪಾವಿನ ಬಾಯಿಯಷ್ಟು ದೊಡ್ಡ ಹಿತ್ತಾಳೆ ಬಳೆ ಮಾಡಿಸಿದೆ, ಆಮೇಲೆ ಅಚ್ಚೇರಿನ ಬಾಯಿಯಷ್ಟು, ಆಮೇಲೆ ಸೇರಿನ ಬಾಯಿಯಷ್ಟು. ನನ್ನ ಉತ್ತರ ನನ್ನಿಂದ ದೂರ ಹೋಗುವುದಕ್ಕೆ ಅಳತೆ ಕೊಡುತ್ತಿದ್ದವನು ನಾನೇ. ಇದನ್ನು ಯೋಚಿಸಿದಾಗ ನಗು ಬರಬೇಕು, ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು.

ನನ್ನ ಮನೆಯಲ್ಲೂ ಒಂದು ಹಾವಿದೆ. ಅಪ್ಪನ ಕಾಲದ್ದು. ಉತ್ತರ ಯಾವ ದಿನ ಬರುತ್ತದೋ ತಿಳಿಯದು, ಅದು ಬಂದ ದಿನ ನನ್ನ ಬಾಗಿಲಿಗೆ ಹಳದಿ ಬಟ್ಟೆ ಇರಬಾರದು ಎಂದು, ಆ ಹಾವಿಗೆ ಕಣ್ಣು ಬಿಡದ ಇಲಿಮರಿಗಳನ್ನು ಮಾತ್ರ ಕೊಡುತ್ತಾ ಬಂದೆ. ಕೊಟ್ಟದ್ದು ಗೊತ್ತಾಗುವ ಮೊದಲೇ ಕರಗಿಹೋಗುತ್ತಿತ್ತು. ಅದರ ವಾರಿಗೆಯ ಹಾವುಗಳು ಊರಿನಲ್ಲಿ ಒನಕೆಯ ಹಾಗಿವೆ. ಇಲಿ ಅಂಗಡಿಯ ದಾಸಪ್ಪ, ಬಿಸ್ಕತ್ತಿನ ಡಬ್ಬಿಗಳ ಹಾಗೆ ಸಾಲಾಗಿ ಇಟ್ಟ ಗಾಜಿನ ಡಬ್ಬಿಗಳ ಹಿಂದಿನಿಂದ ನನ್ನನ್ನು ನೋಡಿದಾಗಲೆಲ್ಲ ಆಡಿಕೊಳ್ಳುತ್ತಿದ್ದ.

"ಲೋ ತಿಮ್ಮರಾಯಿ, ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಿಗೆ ಬಿತ್ತಂತೆ. ನಿನ್ನ ಹಾವು ಪಡವಲಕಾಯಿ ಆಗಿದೆ ಕಣೋ. ಯಾವತ್ತಾದ್ರೂ ಸಾರಿಗೆ ಹಾಕ್ಬಿಟ್ಟೀಯ."

"ನನ್ನ ಹಾವನ್ನ ನಾನು ಅಳೆಯೋ ಹಾಗಿಲ್ವಲ್ಲ," ಎನ್ನುತ್ತಿದ್ದೆ.

"ಅಳೀಬ್ಯಾಡ. ನೋಡು ಸಾಕು."

ನಾನು ನೋಡುತ್ತಿರಲಿಲ್ಲ. ನನ್ನ ಕಣ್ಣೆಲ್ಲ ಇನ್ನೊಂದು ಮನೆಯ ಚಿಲಕದ ಮೇಲಿತ್ತು.

ಹೀಗಿರುವಾಗ ಈ ಬೇಸಿಗೆಯ ಶುರುವಿನಲ್ಲಿ ದೊಡ್ಡತಾಯಮ್ಮನವರಿಂದ ಕರೆ ಬಂತು. ಹೋದರೆ ಹಾವು ನಡುಮನೆಯನ್ನೆಲ್ಲ ಹಿಡಿದು ಮಲಗಿತ್ತು. ಇಂದ್ರಾಣಿ ಅದರ ಬಾಲ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ತಲೆ ದೇವರಮನೆಯ ಹತ್ತಿರ ಇತ್ತು. ಸೇರಿನ ಬಳೆ ಅರ್ಧ ದಾರಿಗೇ ನಿಂತಿತು. ಹೀಗಾಗಬಹುದು ಎಂಬ ಅನುಮಾನವಿದ್ದುದರಿಂದ ಕೊಳಗದ ಬಾಯಿಯಷ್ಟು ದೊಡ್ಡ ಬಳೆಯನ್ನು ಮೊದಲೇ ಮಾಡಿಸಿ ಭುಜಕ್ಕೆ ನೇತುಹಾಕಿಕೊಂಡು ಹೋಗಿದ್ದೆ. ಅದು ಸರಿಯಾಗಿ ಕೂತಿತು.

"ಈ ಸಲ ಇಲಿ ಗಿಲಿ ಎಲ್ಲ ಸಾಲದಪ್ಪ," ಎಂದು ದೊಡ್ಡತಾಯಮ್ಮನವರು ಹಿತ್ತಿಲಿನಿಂದ ಒಂದು ಟರ್ಕಿ ಹುಂಜವನ್ನು ಎಳೆದುಕೊಂಡು ಬಂದರು. "ದಾಸಪ್ಪ ಎಲ್ಲಿಂದಲೋ ತರಿಸ್ಕೊಟ್ಟ. ನೋಡು, ಹಿಡಿಸುತ್ತಾ?"

ಅದರ ಮೈಯನ್ನು ಕಣ್ಣಲ್ಲೇ ಅಳೆದೆ. ಇದು ಹೊಟ್ಟೆಗೆ ಹೋದರೆ ಮಳೆಗಾಲ ಮುಗಿದರೂ ಈ ಮನೆ ಬಾಯಿ ಬಿಡುವುದಿಲ್ಲ. ಕೇಳಬೇಕೆಂದರೆ ಬಳೆ ಕೈಯಲ್ಲಿದೆ. ಆ ಹೊತ್ತು ಅಲ್ಲಿ ಬಾಯಿ ಬಿಡಲು ಹಕ್ಕಿದ್ದವರಲ್ಲಿ ಟರ್ಕಿಯೇ ಅದನ್ನು ಚೆನ್ನಾಗಿ ಬಳಸಿಕೊಂಡಿತು. ನಾನು ಅದರ ತಲೆಯನ್ನು ಬಳೆಯೊಳಗೆ ತೂರಿಸಿದೆ. ಕತ್ತು ಹೋಯಿತು. ರೆಕ್ಕೆಯ ಹತ್ತಿರ ಸಿಕ್ಕಿಕೊಂಡಿತು.

"ಸಿಕ್ಕಾಕ್ಕೊಂತು! ದೊಡ್ಡದಾಯ್ತು ಅನ್ನಪ್ಪಾ, ಅಂದ್ಬಿಡು!" ಎಂದು ಕಾಂಪೌಂಡ್ ಗೋಡೆಯ ಮೇಲಿಂದ ಸಿದ್ದಲಿಂಗಪ್ಪನವರು ಕೂಗಿದರು. ಅಳತೆಯ ದಿನ ಅವರು ಅಲ್ಲಿ ಏಣಿ ಹಾಕಿಕೊಂಡು ನಿಂತಿರುತ್ತಾರೆ.

"ಅದು ಗರಿ ಕಣ್ರೀ! ಗರಿ ಲೆಕ್ಕಕ್ಕಿಲ್ಲ. ಗರಿ ಅಂದ್ರೆ ಗಾಳಿ," ಎಂದರು ದೊಡ್ಡತಾಯಮ್ಮ.

"ಗಾಳಿ ಅಂದ್ರೆ ನುಂಗ್ದಾಗ ಎಲ್ಲಿಗೆ ಹೋಗುತ್ತೆ? ಗರಿ ಸೇರಿಸೇ ಅಳೀಬೇಕು!"

"ನಿಮ್ಮನೆ ಹಾವಿಗೆ ಅಳೀರಿ ಹಂಗೆ!"

ಇಬ್ಬರೂ ನನ್ನ ಮುಖ ನೋಡಿದರು. ದೊಡ್ಡದಾಯಿತು ಎಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಬೇರೆ ಹುಡುಕುವವರೆಗೆ ಆ ಬಾಗಿಲು ತೆರೆದಿರುತ್ತಿತ್ತು, ನಾನು ಬಳೆ ಕೆಳಗಿಟ್ಟು ಕೇಳಬಹುದಿತ್ತು. ಇಂದ್ರಾಣಿ ಬಾಲ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಆದರೆ ಹಾವು ನುಂಗುವಾಗ ಗರಿಯನ್ನು ಮೈಗೆ ಒತ್ತಿಕೊಂಡೇ ನುಂಗುತ್ತದೆ. ನಾನೂ ಹಾಗೆಯೇ ಅಂಗೈಯಿಂದ ರೆಕ್ಕೆಗಳನ್ನು ಮೈಗೆ ಒತ್ತಿದೆ. ಟರ್ಕಿ ಮೈ ಒರೆಸಿಕೊಂಡು ಬಳೆಯೊಳಗಿಂದ ಆ ಕಡೆಗೆ ಬಂತು.

"ಸರಿ ಇದೆ," ಎಂದೆ.

ಸಿದ್ದಲಿಂಗಪ್ಪನವರು ಏಣಿ ಇಳಿದ ಸದ್ದು ಕೇಳಿಸಿತು. ಇಂದ್ರಾಣಿ ಬಾಲವನ್ನು ನೆಲದ ಮೇಲಿಟ್ಟು, ಎದ್ದು ಒಳಗೆ ಹೋದಳು. ನಾನು ಮಲಾರ ಹೊತ್ತು ಹೊಸಿಲು ದಾಟಿದೆ. ಹಿಂದೆ ಟರ್ಕಿಯ ಮಾತು ಒಂದು ಕಡೆ ಥಟ್ಟನೆ ನಿಂತಿತು. ದೊಡ್ಡತಾಯಮ್ಮನವರು ಕಿಟಕಿಯಿಂದ ಮಜ್ಜಿಗೆ ಚಾಚಿದರು. ಅವತ್ತು ಮೊದಲ ಸಲ ನಾನು ಬೇಡ ಎಂದೆ.

ಬೀದಿಯಲ್ಲಿ ನಡೆಯುತ್ತಾ ನನಗೆ ಬಂದದ್ದು ಸಿಟ್ಟು. ಅವರ ಮೇಲೆ ಸ್ವಲ್ಪ, ನನ್ನ ಮೇಲೆ ಹೆಚ್ಚು. ಇನ್ನು ಯಾರಿಗಾಗಿ ಬಾಗಿಲು ತೆರೆದಿಡಬೇಕು? ನನ್ನ ಮನೆಯೂ ಹಳದಿ ಬಟ್ಟೆ ಕಟ್ಟಿಕೊಂಡು ಸುಮ್ಮನಿರಲಿ, ನನ್ನನ್ನೂ ಯಾರೂ ಏನೂ ಕೇಳದಿರಲಿ ಎಂದುಕೊಂಡು ನೇರ ದಾಸಪ್ಪನ ಅಂಗಡಿಗೆ ಹೋಗಿ ಹೆಗ್ಗಣ ಕೊಡು ಎಂದೆ.

"ಯಾರಿಗೆ?"

"ನನ್ನ ಹಾವಿಗೆ."

ದಾಸಪ್ಪ ನಗಲಿಲ್ಲ. "ಬ್ಯಾಡ ಕಣೋ. ಏಳು ವರ್ಷ ಗಂಜಿ ಕುಡ್ದೋನಿಗೆ ಒಂದೇ ಸಲ ಬಾಡೂಟ ಹಾಕ್ದಂಗೆ ಆಗುತ್ತೆ."

"ಅದರ ವಾರಿಗೆ ಹಾವುಗಳೆಲ್ಲ ಹೆಗ್ಗಣಾನೇ ತಿನ್ನೋದು. ಕೊಡು."

ವಯಸ್ಸು ನೋಡಿ ಊಟ ಇಡಬಾರದು, ಸೊಂಟ ನೋಡಿ ಇಡಬೇಕು ಎಂದು ಊರಿನ ಮಕ್ಕಳಿಗೂ ಹೇಳಿಕೊಟ್ಟವನು ನಾನು. ಅವತ್ತು ಅದು ನನ್ನ ತಲೆಗೆ ಬರಲಿಲ್ಲ. ನನ್ನ ಬಡಪಾಯಿ ಹಾವು ಹೆಗ್ಗಣವನ್ನು ನೋಡಿ ಒಮ್ಮೆ ನನ್ನ ಕಡೆ ತಿರುಗಿತು. ಆಮೇಲೆ ಕೊಟ್ಟವನ ಮನಸ್ಸು ನೋಯಬಾರದು ಎನ್ನುವ ಹಾಗೆ, ತುಂಬ ಕಷ್ಟಪಟ್ಟು ನುಂಗಿತು. ಮನೆಯಲ್ಲಿ ಹಳದಿ ಬಟ್ಟೆ ಇರಲಿಲ್ಲ, ಬೆಳಗ್ಗೆ ತಂದು ಕಟ್ಟೋಣ ಎಂದು ಮಲಗಿದೆ, ಎದ್ದು ನೋಡಿದರೆ ಕಕ್ಕಿಬಿಟ್ಟಿತ್ತು. ಪಕ್ಕದಲ್ಲಿ ನಾಚಿಕೆಯಿಂದ ಮುದುಡಿಕೊಂಡು ಮಲಗಿತ್ತು. ಅದನ್ನು ಎತ್ತಿ ಮಡಿಲಲ್ಲಿ ಹಾಕಿಕೊಂಡೆ. ಎಷ್ಟು ಸಣ್ಣಗಿದೆ ಎಂದು ಅವತ್ತೇ ನನಗೆ ಗೊತ್ತಾದದ್ದು, ಕಣ್ಣಲ್ಲಿ ನೀರು ಬಂತು.

ಹೆಗ್ಗಣ ಕಕ್ಕಿದ ವಾಸನೆಯನ್ನು ಮುಚ್ಚಿಡಲು ಆಗುವುದಿಲ್ಲ. ನಾನು ಹೊಸಿಲು ತೊಳೆಯುವಷ್ಟರಲ್ಲಿ ಬೀದಿ ತುಂಬಿತ್ತು. ಬಳೆಗಾರನ ಹಾವೇ ಕಕ್ಕಿತಂತೆ ಎಂದರೆ ಯಾರು ತಾನೇ ಮನೆಯಲ್ಲಿ ಕೂರುತ್ತಾರೆ? ಕೆಲವರು ತಿಂಡಿ ಕಟ್ಟಿಕೊಂಡು ಬಂದಿದ್ದರು. ನಾನು ಹೊಸಿಲ ಮೇಲೆ ನಿಂತೆ.

ಮೊದಲು ಪೋಸ್ಟ್‌ಮಾಸ್ತರ ಹೆಂಡತಿ ಮುಂದೆ ಬಂದರು. "ನಿಜ ಹೇಳಿ, ನಮ್ಮ ಹಾವಿಗೆ ಬೊಜ್ಜು ಬಂದಿದೆಯಾ?"

"ಹೂಂ."

ಅವರು ಗಂಡನ ಕಡೆ ತಿರುಗಿ, "ನಾನು ಹೇಳ್ಲಿಲ್ವಾ?" ಎಂದರು. ಇನ್ಶೂರೆನ್ಸ್ ಏಜೆಂಟ್ ಗುಂಪಿನಲ್ಲಿ ನುಗ್ಗಿ ಬಂದು ದನಿ ತಗ್ಗಿಸಿ, "ನಾನು ಆ ಮನೇಲೇ ಇದ್ದುಬಿಟ್ಟಿದ್ದು ತಪ್ಪಾ?" ಎಂದರು. ನಾನು ಉಹುಂ ಎಂದೆ. ಅವರಿಗೆ ಎಷ್ಟು ಸಮಾಧಾನವಾಯಿತೆಂದರೆ, ಹೆಡ್‌ಮಾಸ್ತರರ ಕೈ ಹಿಡಿದುಕೊಂಡು ನಿಂತುಬಿಟ್ಟರು.

ದಾಸಪ್ಪ ಕೇಳಿದ. "ಏಳು ವರ್ಷ ನನ್ನ ಅಂಗಡೀಲಿ ಬರೀ ಇಲಿಮರೀನೇ ತಗೊಂಡಿದ್ದು ಗಿರಣಿ ಇಂದ್ರಾಣಿಗೋಸ್ಕರಾನಾ?"

"ಹೂಂ."

ಹೆಂಗಸರೆಲ್ಲ ಲೊಚಗುಟ್ಟಿದರು. ಊರಿಗೆ ಗೊತ್ತಿದ್ದದ್ದೇ, ಆದರೂ ಹೊಸಿಲ ಮೇಲೆ ನಿಂತವನ ಬಾಯಿಂದ ಬಂದಾಗ ಅದರ ತೂಕವೇ ಬೇರೆ. ಅಷ್ಟರಲ್ಲಿ ಗುಂಪು ದಾರಿ ಬಿಟ್ಟಿತು. ದೊಡ್ಡತಾಯಮ್ಮನವರು ಸೆರಗು ಸುತ್ತಿಕೊಂಡು ಬಂದು ನನ್ನ ಎದುರಿಗೆ ನಿಂತರು. ಅವರ ಮನೆಯ ಹಾವಿನ ಹೊಟ್ಟೆಯಲ್ಲಿ ಟರ್ಕಿ ಇತ್ತು, ಅವರು ಉತ್ತರ ಕೊಡುವಂತಿರಲಿಲ್ಲ, ಕೇಳಲು ಅಡ್ಡಿಯಿರಲಿಲ್ಲ.

"ನಾನು ಉಹುಂ ಅಂದಿದ್ರೆ, ಆಮೇಲೂ ನಮ್ಮ ಹಾವು ಅಳೆಯೋಕೆ ಬರ್ತಿದ್ಯಾ?"

ನಾನು ಯೋಚಿಸಿದೆ. ಬರುತ್ತಿದ್ದೆ ಎಂದು ಹೇಳಲು ಚೆನ್ನಾಗಿರುತ್ತದೆ. ಆದರೆ ಇಂದ್ರಾಣಿ ಬಾಲ ಹಿಡಿದು ಕೂತಿರುವ ಆ ಅಡುಗೆಮನೆಯ ಬಾಗಿಲು ನೆನಪಾಯಿತು. "ಉಹುಂ."

"ಹೂಂ ಅಂದಿದ್ರೆ ಬರೋ ಹಾಗಿತ್ತಾ?"

ಹೆಂಡತಿಯ ತವರಿನ ಹಾವನ್ನು ಬಳೆಗಾರ ಮುಟ್ಟುವಂತಿಲ್ಲ. "ಉಹುಂ."

"ಕೇಳ್ಕೊಂಡ್ರೇನ್ರಪ್ಪ?" ದೊಡ್ಡತಾಯಮ್ಮನವರು ಊರಿನ ಕಡೆ ತಿರುಗಿದರು. "ಹೂಂ ಅಂದ್ರೂ ಇವನು ಬರಲ್ಲ, ಉಹುಂ ಅಂದ್ರೂ ಇವನು ಬರಲ್ಲ. ಊರಿಗಿರೋನು ಒಬ್ಬ ಬಳೆಗಾರ. ಅಳತೆ ಇಲ್ದೆ ಕೊಟ್ಟು ನಮ್ಮ ಹಾವು ಕಕ್ಕಿದ್ರೆ, ಈ ವಯಸ್ಸಲ್ಲಿ ನಾನು ಹೊಸಿಲ ಮೇಲೆ ನಿಂತು ಏನೇನ್ ಹೇಳ್ಬೇಕೋ! ನಾನೇನ್ ಮಾಡ್ಲಿ, ಬಾಯಿಗೆ ಬೀಗ ಹಾಕ್ಕೊಂಡೆ."

ಎಲ್ಲರೂ ತಲೆಯಾಡಿಸಿದರು. ನ್ಯಾಯವಾಗಿಯೇ ಇತ್ತು. ಏಳು ವರ್ಷದ ನನ್ನ ಸಿಟ್ಟು ಎಲ್ಲಿಗೆ ಹೋಯಿತೋ, ನಾನೂ ತಲೆಯಾಡಿಸಿದೆ.

ಇಂದ್ರಾಣಿ ಬಂದದ್ದು ಗಿರಣಿ ಮುಚ್ಚಿದ ಮೇಲೆ. ಹೊತ್ತು ಇಳಿದಿತ್ತು, ತಿಂಡಿ ತಂದವರು ಅದನ್ನು ತಿಂದು ಮುಗಿಸಿದ್ದರು. ಅವಳು ಎಂದಿನ ಹಾಗೆ ಮೊಣಕೈವರೆಗೆ ಬೆಳ್ಳಗೆ ಬಂದು ನಿಂತಳು.

"ನಮ್ಮನೇಲಿ ನನ್ನ ವಿಷಯ ಕೇಳಿದ್ದೀರಿ. ನನ್ನನ್ನ ಯಾವತ್ತಾದ್ರೂ ಕೇಳಿದ್ದೀರಾ?"

ಅಮ್ಮನನ್ನು ಕೇಳಿದರೆ ಮಗಳನ್ನು ಕೇಳಿದ ಹಾಗೆ ಎಂದುಕೊಂಡಿದ್ದೆ. ಹಾಗೆಂದು ವಿವರಿಸಲು ಹೊಸಿಲ ಮೇಲೆ ಅವಕಾಶವಿಲ್ಲ. "ಉಹುಂ," ಎಂದೆ.

"ಏಳು ವರ್ಷ ನಿಮ್ಮ ಕಣ್ಣೆದುರಿಗೇ ಬಾಲ ಹಿಡ್ಕೊಂಡು ಕೂತಿದ್ದೀನಿ. ನಮ್ಮ ಹಾವಿನ ಸೊಂಟ ಕೂದಲೆಳೆ ತಪ್ಪದಂಗೆ ಹೇಳ್ತೀರಿ. ನನ್ನ ಕೈ ಅಳತೆ ಗೊತ್ತಾ ನಿಮಗೆ?"

ನಾನು ಅವಳ ಕೈ ನೋಡಿದೆ. ಹಿಟ್ಟಿನ ಅಡಿಯಲ್ಲಿ ಒಂದು ಗಾಜಿನ ಬಳೆ ಇತ್ತು. ಅದು ಹಸಿರೋ ಕೆಂಪೋ ಎಂಬುದೂ ನನಗೆ ತಿಳಿದಿರಲಿಲ್ಲ. ಬಳೆಗಾರನ ವಂಶದಲ್ಲಿ ಹುಟ್ಟಿದ್ದಕ್ಕೆ ಅವತ್ತು ನಾಚಿಕೆಯಾದಷ್ಟು ಯಾವತ್ತೂ ಆಗಿರಲಿಲ್ಲ. "ಉಹುಂ."

"ಈಗಲಾದ್ರೂ ಕೇಳ್ತೀರಾ?"

"ಹೂಂ," ಎಂದೆ. ಆಮೇಲೆ ಕೇಳಿದೆ. ಹೇಗೆ ಕೇಳಿದೆ ಎಂದು ನೆನಪಿಲ್ಲ. ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳುವ ಬದಲು ನಿಮಗೆ ಸರಿ ಇದೆಯಾ ಎಂದು ಕೇಳಿದೆನೆಂದು ದಾಸಪ್ಪ ಈಗಲೂ ಆಡಿಕೊಳ್ಳುತ್ತಾನೆ.

ಇಂದ್ರಾಣಿ ನನ್ನನ್ನು ನೋಡಿದಳು. ಆಮೇಲೆ ಸೆರಗಿನಿಂದ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು, "ನಮ್ಮ ಹಾವು ನುಂಗಿದೆಯಲ್ಲ," ಎಂದಳು. ಬೀದಿಗೆ ಬೀದಿಯೇ ನಕ್ಕಿತು. ಅವಳೂ ನಕ್ಕಳು. ಯಾರದೋ ಮನೆಯಲ್ಲಿ ದೀಪ ಹಚ್ಚಿದರು, ಜನ ಚದುರಿದರು.

ಕಕ್ಕಿದ ಹಾವಿಗೆ ತಕ್ಷಣ ಏನೂ ಕೊಡಬಾರದು. ನೀರಿಟ್ಟು, ಕತ್ತಲು ಮಾಡಿ, ಮುಟ್ಟದೆ ಬಿಡಬೇಕು. ನಾನು ಹಾಗೆಯೇ ಬಿಟ್ಟೆ. ಊರಿನ ಬೇರೆ ಮನೆಗಳಿಗೆ ಹೋದಾಗ ಜನ ಏನನ್ನೂ ಆಡಲಿಲ್ಲ, ಆದರೆ ಹಾವನ್ನು ಕೊಡುವ ಹೆಂಗಸರು ಬೇಕೆಂದೇ ಕೈಬಳೆ ಕಾಣುವ ಹಾಗೆ ಕೊಡುತ್ತಿದ್ದರು. ನಾನು ಮರ್ಯಾದೆಯಿಂದ ಎಲ್ಲರ ಕೈಯ ಅಳತೆಯನ್ನೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ದೊಡ್ಡತಾಯಮ್ಮನವರ ಮನೆಯ ಮುಂದೆ ಹೋಗುವಾಗ ಮಾತ್ರ ಕಣ್ಣು ಚಿಲಕಕ್ಕೆ ಹೋಗುತ್ತಿತ್ತು. ಹಳದಿ ಬಟ್ಟೆ ಬಿಸಿಲಿಗೆ ಬೆಳ್ಳಗಾಗುತ್ತಿತ್ತು. ಒಳಗೆ ಟರ್ಕಿ ಸಾವಕಾಶವಾಗಿ ಕರಗುತ್ತಿತ್ತು.

ನನ್ನ ಹಾವು ಚೇತರಿಸಿಕೊಂಡು ಮೊದಲ ಸಲ ತಾನಾಗಿ ನೀರಿನ ಬೋಗುಣಿಯ ಸುತ್ತ ಹರಿದಾಡಿದ ಮಧ್ಯಾಹ್ನ ಇಂದ್ರಾಣಿ ಬಂದಳು. ನನ್ನ ಬಾಗಿಲು ಎಂದಿನ ಹಾಗೆ ತೆರೆದಿತ್ತು. ಕೈಯಲ್ಲಿ ಮುಚ್ಚಳಕ್ಕೆ ತೂತು ಹೊಡೆದ ಹಿಟ್ಟಿನ ಡಬ್ಬಿ. ಹೊಸಿಲು ದಾಟಿ ಒಳಗೆ ಬಂದು, ಚಾಪೆ ಹಾಕುವ ಮೊದಲೇ ನೆಲದ ಮೇಲೆ ಕೂತಳು.

"ನಿಮ್ಮ ಹಾವನ್ನ ನೀವು ಅಳೆಯೋ ಹಾಗಿಲ್ಲ. ಮತ್ತೆ ಯಾರು ಅಳೀತಾರೆ?"

"ಅಪ್ಪ ಹೋದ ಮೇಲೆ ಯಾರೂ ಅಳೆದಿಲ್ಲ," ಎಂದೆ.

"ಕೊಡಿ ಇಲ್ಲಿ."

ಅವಳು ಹಾವನ್ನು ಮಂಡಿಯ ಮೇಲೆ ಹಾಕಿಕೊಂಡಳು. ನಾನು ಮಲಾರ ತರಲು ಎದ್ದೆ. ಅವಳು ಬೇಡ ಎಂದು ತಲೆಯಾಡಿಸಿ, ತನ್ನ ಮಣಿಕಟ್ಟಿನ ಬಳೆಯನ್ನು ಮೆಲ್ಲಗೆ ಕಳಚಿದಳು. ಕೈಯಲ್ಲಿ ಅಂಟಿದ್ದ ಹಿಟ್ಟು ಉದುರಿತು. ಬಳೆ ಹಸಿರು. ಅದನ್ನು ಬಾಲದ ಕಡೆಯಿಂದಲೇ ಏರಿಸಿದಳು. ಏಳು ವರ್ಷ ಸುಮ್ಮನೆ ನೋಡಿರಲಿಲ್ಲ, ಅವರಮ್ಮನ ಹಾವನ್ನೂ ಇನ್ನು ಅವಳೇ ಅಳೆಯಬಲ್ಲಳು. ಬಳೆ ಮೈ ಸವರುತ್ತಾ ಬಂದು, ನನ್ನ ಹಾವಿನ ಅತ್ಯಂತ ದಪ್ಪದ ಜಾಗದಲ್ಲಿ ಬಿಗಿಯದೆ ಜಾರದೆ ಕೂತಿತು.

ನನ್ನ ಬಾಯಿಂದ ತಾನಾಗಿ ಬಂತು. "ಎರಡು ನಾಲ್ಕು."

"ಈಗ ಗೊತ್ತಾಯ್ತಾ?" ಎಂದಳು.

"ಹೂಂ."

ಡಬ್ಬಿ ತೆರೆದಳು. ಒಳಗೆ ಗಿರಣಿಯ ಗೋಧಿ ತಿಂದು ನುಣ್ಣಗಾದ ಒಂದು ಇಲಿ. ಬಳೆಯೊಳಗೆ ಅದನ್ನು ದಾಟಿಸಿದಳು. ಮೈ ಒರೆಸಿಕೊಂಡು ದಾಟಿತು. ಅಷ್ಟು ಸರಿಯಾದ ಅಳತೆಯನ್ನು ನಾನು ನನ್ನ ವೃತ್ತಿಯಲ್ಲಿ ಹೆಚ್ಚು ಸಲ ನೋಡಿಲ್ಲ. ಅವಳು ಇಲಿಯನ್ನು ಹಾವಿನ ಮುಂದೆ ಹಿಡಿದಳು. ಹಾವು ಈ ಸಲ ನನ್ನ ಕಡೆ ತಿರುಗಿ ನೋಡಲಿಲ್ಲ. ಬಾಯಿ ತೆರೆಯಿತು.

"ಇಂದ್ರಾಣಿಯವರೇ," ಎಂದೆ, ಗಾಬರಿಯಿಂದ. "ನೀವು ಒಳಗಿದ್ದೀರಿ. ಅದು ನುಂಗಿಬಿಟ್ಟರೆ…"

"ನನಗೆ ಗೊತ್ತಿಲ್ವಾ? ನಾನೂ ಈ ಊರಿನೋಳೇ." ಅವಳು ಕದಲಲಿಲ್ಲ. "ಬಟ್ಟೆ ಎಲ್ಲಿ?"

ನನ್ನ ಮನೆಯಲ್ಲಿ ಹಳದಿ ಬಟ್ಟೆಯೇ ಇರಲಿಲ್ಲ, ಏಳು ವರ್ಷ ಬೇಕಾಗಿರಲಿಲ್ಲ. ಅದೂ ಅವಳಿಗೆ ಗೊತ್ತಿತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒಂದು ತುಂಡನ್ನು ತೆಗೆದು ಕೊಟ್ಟಳು. ಅವರ ಮನೆಯ ಚಿಲಕದ ಬಟ್ಟೆಯಿಂದಲೇ ಅರ್ಧ ಹರಿದು ತಂದಿದ್ದಳು. ಇಲಿಯ ಬಾಲ ಹಾವಿನ ಬಾಯೊಳಗೆ ಮರೆಯಾಯಿತು. ನಾನು ಬಟ್ಟೆ ಕಟ್ಟಿ ಬಾಗಿಲು ಮುಂದೆ ಮಾಡಿದೆ. ಒಂದು ಗಂಟು ಸಾಕಾಗಿತ್ತು, ಮೂರು ಹಾಕಿದೆ.

ಸಂಜೆಗೆ ದೊಡ್ಡತಾಯಮ್ಮನವರು ಬಂದದ್ದು ಕಿಟಕಿಯಿಂದ ಕಾಣಿಸಿತು. ಏದುಸಿರು ಬಿಡುತ್ತಾ ಬಾಗಿಲ ಹತ್ತಿರ ಬಂದವರು ಬಟ್ಟೆ ನೋಡಿ ಹೊಸಿಲ ಆಚೆಯೇ ನಿಂತರು. ತಮ್ಮ ಮನೆಯ ಬಟ್ಟೆ ಎಂದು ಗುರುತು ಸಿಕ್ಕಿರಬೇಕು, ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇಂದ್ರಾಣೀ," ಎಂದು ಕೂಗಿದರು. "ಒಳಗಿದ್ದೀಯೇನೇ? ಒಪ್ಕೊಂಡ್ಬಿಟ್ಯಾ?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಟ್ಟದ ಮೇಲೆ ಹಾವು ಚಿಕ್ಕ ಉಬ್ಬನ್ನು ಸುತ್ತಿಕೊಂಡು ಮಲಗಿತ್ತು. ಇಂದ್ರಾಣಿ ಕಿಟಕಿಯ ಹತ್ತಿರ ಹೋದಳು.

"ಹಾವು ನುಂಗಿದೆ ಅಮ್ಮ. ಇಳೀಲಿ, ನೋಡೋಣ."

ಆಮೇಲೆ ದೊಡ್ಡತಾಯಮ್ಮನವರು ಜಗಲಿಯ ಮೇಲೆ ನಿಧಾನವಾಗಿ ಕೂತ ಸದ್ದು ಕೇಳಿಸಿತು. ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಾರೋ ನಗುತ್ತಿದ್ದಾರೋ ಒಳಗಿನಿಂದ ತಿಳಿಯಲಿಲ್ಲ. ನಾನು ಮಡಕೆಯಿಂದ ಮಜ್ಜಿಗೆ ಬಗ್ಗಿಸಿದೆ, ಇಂದ್ರಾಣಿ ಒಂದು ಚಿಟಿಕೆ ಉಪ್ಪು ಹಾಕಿದಳು. ಲೋಟವನ್ನು ಸರಳಿನ ಸಂದಿಯಿಂದ ಹೊರಗೆ ಚಾಚಿದೆ. ಅವರು ಕೈ ನೀಡಿ ತೆಗೆದುಕೊಂಡರು. ಅವರ ಕೈಯಲ್ಲಿದ್ದ ಬಳೆ ಎರಡು ಎಂಟು.